ನಿಮಗಿದು ಗೊತ್ತೆ? ತನಗೆ ತಾನೇ ಮೂಲವಾದ ರೆಕಾರ್ಡ್!

ಲಿಸ್ಪ್ ವಂಶದ ಪ್ರೋಗ್ರಾಮಿಂಗ್ ಭಾಷೆ ‘ಶೇ ಸ್ಕೀಮ್’ನಲ್ಲಿ ಒಂದು ವಿಶೇಷ ರೆಕಾರ್ಡ್ (ಮಾಹಿತಿಯನ್ನು ಒಟ್ಟಿಗೆ ಇಡುವ ಕಟ್ಟು) ಇದೆ. ‘ನೀನು ಯಾವ ಬಗೆಯವನು?’ ಎಂದು ಕೇಳಿದರೆ ಅದು ತನ್ನನ್ನೇ ತೋರಿಸುತ್ತದೆ!

ನಕ್ಷೆಯ ಒಂದು ಬಿಂದುವನ್ನು ರೆಕಾರ್ಡ್ ಮಾಡಿ ಇಟ್ಟೆವು ಎನ್ನಿ. ಎಕ್ಸ್ ಬೆಲೆ 3, ವೈ ಬೆಲೆ 4. ನಾವು ತುಂಬಿದ್ದು ಎರಡೇ ಸಂಖ್ಯೆ. ಆದರೆ ಮೆಮೊರಿಯಲ್ಲಿ ಅದಕ್ಕೆ ಸಾಲಾಗಿ ಮೂರು ಮನೆ ಬೇಕು. 64 ಬಿಟ್ ಕಂಪ್ಯೂಟರಿನಲ್ಲಿ ಒಂದೊಂದು ಮನೆಯೂ 8 ಬೈಟ್. ಎರಡನೆಯ ಮನೆಯಲ್ಲಿ 3, ಮೂರನೆಯದರಲ್ಲಿ 4. ಮೊದಲ ಮನೆಯಲ್ಲಿರುವುದು ಬರೀ ಒಂದು ವಿಳಾಸ. ಅದು ಈ ಬಗೆಯ ವಿವರಣೆ ಇರುವ ಜಾಗ. ರೆಕಾರ್ಡಿನ ಬಗೆಯ ಹೆಸರು, ಮನೆಗಳ ಹೆಸರು ಎಲ್ಲವೂ ಅಲ್ಲಿವೆ. ಲಕ್ಷ ಬಿಂದುಗಳಿದ್ದರೂ ವಿವರಣೆ ಒಂದೇ. ‘ಇದು ಬಿಂದುವೇ?’ ಎಂದು ಕೇಳಿದಾಗ ಕಂಪ್ಯೂಟರ್ ನೋಡುವುದೂ ಆ ಮೊದಲ ಮನೆಯನ್ನೇ.

ಸ್ವಾರಸ್ಯ ಮುಂದಿದೆ. ಆ ವಿವರಣೆಯೂ ಒಂದು ರೆಕಾರ್ಡೇ! ಹಾಗಾದರೆ ಅದರ ಮೊದಲ ಮನೆಯಲ್ಲೂ ಇನ್ನೊಂದು ವಿವರಣೆಯ ವಿಳಾಸ ಇರಬೇಕು. ಹೀಗೇ ಹೋದರೆ ಕೊನೆಯೆಲ್ಲಿ? ಈ ಸರಪಳಿ ಬೇಗ ಮುಗಿಯುತ್ತದೆ. ವಿವರಣೆಗಳಿಗೆಲ್ಲ ಮೂಲವಾದ ಒಂದು ರೆಕಾರ್ಡ್ ಇದೆ. ಅದರ ಮೊದಲ ಮನೆಯಲ್ಲಿ ಬರೆದಿರುವುದು ಅದರದೇ ವಿಳಾಸ.

ಆರ್. ಕೆಂಟ್ ಡಿಬ್‌ವಿಗ್ ರೂಪಿಸಿದ ಶೇ ಸ್ಕೀಮ್ ಮೊದಲು ಹೊರಬಂದದ್ದು 1985ರಲ್ಲಿ. 2021ರಲ್ಲಿ ಬಂದ ರ‍್ಯಾಕೆಟ್ ಭಾಷೆಯ 8.0 ಆವೃತ್ತಿಗೂ ಇದೇ ಅಡಿಪಾಯ.