ಎರೋಸಿನ ಚಿತ್ರಗಳು: ಕಲ್ಪನೆಯೂ ಸತ್ಯವೂ

ವ್ಯೋಮನೌಕೆಯು ಕ್ಷುದ್ರಗ್ರಹವನ್ನು ಮಹಾವೇಗದಿಂದ ಸುತ್ತುತ್ತ, ನಮ್ಮ ಕೈಯ ಕ್ಯಾಮೆರಾದಂತೆಯೇ ಒಮ್ಮೆ ಗುಂಡಿಯೊತ್ತಿ, ಅದರ ಬಣ್ಣದ ಚಿತ್ರವನ್ನು ಸೆರೆಹಿಡಿದು ಕಳುಹಿಸುತ್ತದೆಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. 2000ನೆಯ ಇಸವಿಯ ಫೆಬ್ರವರಿ 14ರಂದು ಎರೋಸಿನ ಕಕ್ಷೆಯನ್ನು ಸೇರಿ, ಕ್ಷುದ್ರಗ್ರಹವೊಂದನ್ನು ಪ್ರದಕ್ಷಿಣೆಗೈದ ಮೊತ್ತಮೊದಲ ನೌಕೆಯೆನಿಸಿದ ಅಮೆರಿಕದ ನಿಯರ್ ಶೂಮೇಕರ್ ನಡೆದುಕೊಂಡ ರೀತಿಯೇ ಬೇರೆ.

ಸುಮಾರು 34 ಕಿಲೋಮೀಟರ್ ಉದ್ದದ ಆ ಬಾಗಿದ ಕಾಯದ ಗುರುತ್ವ ಅತ್ಯಲ್ಪವಾದುದರಿಂದ, ಅದರ ಕೇಂದ್ರದಿಂದ 50 ಕಿಲೋಮೀಟರ್ ದೂರದಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 3 ಮೀಟರ್ ಮಾತ್ರ. ಊರ ಬೀದಿಯಲ್ಲಿ ಸಾವಧಾನವಾಗಿ ಸೈಕಲ್ ತುಳಿಯುವವನೂ ಅಷ್ಟು ವೇಗವಾಗಿ ಹೋಗಬಲ್ಲನು. ನೌಕೆಗೆ ಒಂದು ಸುತ್ತಿಗೆ ದಿನಕ್ಕೂ ಮಿಗಿಲಾದ ಕಾಲ ಬೇಕಾಗಿರಲು, ಎರೋಸಾದರೋ ಐದೂಕಾಲು ಗಂಟೆಗೊಮ್ಮೆ ತನ್ನ ಅಕ್ಷದ ಮೇಲೆ ಹೊರಳಿ, ಬೆಳಕು ಬಿದ್ದ ಮೈಯನ್ನು ಕ್ಯಾಮೆರಾಕ್ಕೆ ತಾನಾಗಿಯೇ ಒಡ್ಡುತ್ತಿತ್ತು. ಆ ಕ್ಯಾಮೆರಾ ನೌಕೆಯ ಒಡಲಿಗೇ ಬಿಗಿದದ್ದು. ದೃಷ್ಟಿ ತಿರುಗಬೇಕಾದರೆ ನೌಕೆಯೇ ತಿರುಗಬೇಕು.

ಬಣ್ಣದ ವಿಚಾರದಲ್ಲಂತೂ ಭ್ರಮೆ ಇನ್ನೂ ಗಾಢವಾದುದು. 537ಕ್ಕೆ 244 ಬಿಂದುಗಳ ಆ ಸಂವೇದಕಕ್ಕೆ ತಿಳಿಯುತ್ತಿದ್ದುದು ಬೆಳಕಿನ ಹೆಚ್ಚುಕಡಮೆಯಷ್ಟೆ. ಬೇರೆ ಬೇರೆ ಶೋಧಕಗಳನ್ನು ಸರದಿಯಂತೆ ಅಡ್ಡವಿಟ್ಟು ತೆಗೆದ ಬೂದುಚಿತ್ರಗಳನ್ನು, ಅವುಗಳ ನಡುವೆ ಎರೋಸ್ ಹೊರಳಿದ್ದನ್ನೂ ಲೆಕ್ಕಕ್ಕೆ ಹಿಡಿದು, ಭೂಮಿಯಲ್ಲಿ ಒಂದರ ಮೇಲೊಂದು ಹೊಂದಿಸಿದಾಗ ಮಾತ್ರ ಬಣ್ಣವು ಮೂಡುತ್ತದೆ. ಶೋಧಕಗಳಲ್ಲಿ ಕೆಲವು ನಮ್ಮ ಕಣ್ಣಿಗೆ ಎಟುಕದ ಅವಕೆಂಪು ಬೆಳಕಿನವಾದುದರಿಂದ, ಅಚ್ಚಿನಲ್ಲಿ ಕಂಡ ವರ್ಣವೈಭವವೆಲ್ಲ ಎರೋಸಿನ ನಿಜವರ್ಣವಲ್ಲ. ಅದರ ಮೈ ಮಂದವಾದ ಕಂದು. ಹಾಗೆಂದು ಆ ಚಿತ್ರಗಳನ್ನು ಸುಳ್ಳೆನ್ನುವುದು ಅನ್ಯಾಯ, ಏಕೆಂದರೆ ಮಣ್ಣುಕಲ್ಲುಗಳ ಸೂಕ್ಷ್ಮಭೇದವನ್ನು ಎತ್ತಿ ತೋರುವುದೇ ಅವುಗಳ ಉದ್ದೇಶ. ಆಕಾಶದಲ್ಲಿ ನಕ್ಷತ್ರಗಳೇಕಿಲ್ಲವೆಂಬ ಸಂಶಯಕ್ಕೆ ಉತ್ತರ ಸುಲಭ: ಬಿಸಿಲಿನ ಬಂಡೆಗೆ ಸಾಕಾಗುವ ಕ್ಷಣಮಾತ್ರದ ಬೆಳಕು ತಾರೆಗಳಿಗೆ ಸಾಲದು.

ಸೂರ್ಯನು ನೌಕೆಯ ಬೆನ್ನ ಹಿಂದಿದ್ದರೆ ಚಿತ್ರ ಚೆನ್ನಾಗಿ ಬರುವುದೆಂಬ ನಂಬಿಕೆಯೂ ಅರ್ಧಸತ್ಯ. ಆಗ ನೆರಳುಗಳಳಿದು, ಕುಳಿಯೂ ದಿಬ್ಬವೂ ಒಂದೇ ಮಟ್ಟದಲ್ಲಿ ಅಳಿಸಿಹೋದಂತಾಗುತ್ತವೆ. ಅದೇ ನೆಲವನ್ನು ಓರೆಬಿಸಿಲಿನಲ್ಲಿ ನೋಡಿದರೆ ಕುಳಿಯ ಅಂಚು, ಬಂಡೆಯ ಎತ್ತರ, ಇಳಿಜಾರಿನ ಗೆರೆ ಸ್ಪಷ್ಟವಾಗಿ ಎದ್ದು ಬರುತ್ತವೆ. ವರ್ಷವೊಂದರಲ್ಲಿ ಸುಮಾರು 1,60,000 ಚಿತ್ರಗಳನ್ನು ತೆಗೆದುದು ಒಂದೇ ಸ್ಥಳವನ್ನು ನಾನಾ ಕೋನಗಳಿಂದ, ನಾನಾ ಬೆಳಕುಗಳಲ್ಲಿ ಕಾಣುವ ಈ ಅಗತ್ಯದಿಂದಲೇ. ಅವು ಕೇವಲ ನೋಟಕ್ಕಾಗಿಯೂ ಅಲ್ಲ. ಚಿತ್ರಗಳಲ್ಲಿನ ಕುಳಿಗಳನ್ನೇ ಗುರುತಾಗಿಟ್ಟುಕೊಂಡು ನೌಕೆ ಎಲ್ಲಿದೆಯೆಂದು ಗಣಿಸುತ್ತಿದ್ದರು.

ನೌಕೆ ನೆಲವನ್ನು ಮುಟ್ಟಿದ ಮೇಲೂ ಚಿತ್ರ ತೆಗೆಯಿತೆಂಬ ಮಾತು ನಿಜವಲ್ಲ. 2001ರ ಫೆಬ್ರವರಿ 12ರಂದು, ಇಳಿಯಲೆಂದು ನಿರ್ಮಿತವಲ್ಲದ ಆ ನೌಕೆಯನ್ನು ಮೆಲ್ಲಗೆ ಇಳಿಸಿದಾಗ, ಕಡೆಯ ಚಿತ್ರ ಬಂದುದು ಸುಮಾರು 120 ಮೀಟರ್ ಎತ್ತರದಿಂದ. ಅದರಲ್ಲಿ ಕಾಣುವುದು 6 ಮೀಟರ್ ಅಗಲದ ನೆಲ; ಚಿತ್ರದ ಕೆಳಭಾಗವು ಬರಿಯ ಗೀರುಗಳು, ಏಕೆಂದರೆ ರವಾನೆಯ ನಡುವೆಯೇ ನೌಕೆ ನೆಲಕ್ಕೆ ತಾಗಿ ಸಂಕೇತ ತುಂಡಾಯಿತು. ಕ್ಯಾಮೆರಾದ ಕೆಲಸ ಅಲ್ಲಿಗೆ ಮುಗಿದರೂ, ಗಾಮಾಕಿರಣಗಳ ಮಾಪಕವು ಫೆಬ್ರವರಿ 28ರವರೆಗೂ ಆ ಮಣ್ಣಿನ ಧಾತುಗಳ ವಿವರವನ್ನು ಭೂಮಿಗೆ ಕಳುಹಿಸುತ್ತಲೇ ಇತ್ತು.