ಅಚ್ಚಿಗೆ ಎಲ್ಲವೂ ಕಾಣುತ್ತದೆ

ಹಳೇ ಫಿಯೆಟ್ಟಿನ ಎಂಜಿನ್ ಕೈಕೊಟ್ಟರೆ ದಾರಿ ಇದೆ. ಬೋರು ಮಾಡಿಸಬಹುದು, ಪಿಸ್ಟನ್ ರಿಂಗು ಹುಡುಕಬಹುದು, ಊರಿಗೊಬ್ಬ ಹಿರಿಯ ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡೇ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿಯಾರು. ಸಿಗದೆ ಸತಾಯಿಸುವುದು ಬಾಗಿಲಿನ ಗಾಜು ಏರಿಸುವ ಹಿಡಿಕೆಯ ತುದಿಯಲ್ಲಿರುವ ನೆಲ್ಲಿಕಾಯಿ ಗಾತ್ರದ ನಾಬ್. ಅದಿಲ್ಲದೆಯೂ ಕಾರು ಓಡುತ್ತದೆ. ಆದರೆ ಬಾಗಿಲು ತೆಗೆದಾಗಲೆಲ್ಲ ಆ ಬೋಳು ಕಡ್ಡಿ ಹಲ್ಲು ಬಿದ್ದ ಬಾಯಿಯಂತೆ ಅಣಕಿಸುತ್ತದೆ.

ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಲ್ಲಿ ತಯಾರಿಸತೊಡಗಿದ ಫಿಯೆಟ್ 1100 ಡಿಲೈಟ್ ಮುಂದೆ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಈ ಶತಮಾನದ ಹೊಸ್ತಿಲಲ್ಲಿ ಅದರ ತಯಾರಿಕೆ ನಿಂತಿತು. ಉತ್ತರಪಾರಾದ ಅಂಬಾಸಿಡರ್ 2014ರ ಮೇ ತಿಂಗಳವರೆಗೆ ಉಸಿರು ಹಿಡಿದಿತ್ತು. ತಯಾರಿಕೆ ನಿಂತ ಮೇಲೂ ಪದ್ಮಿನಿಯ ಬಿಡಿಭಾಗಗಳಿಗೆ ಗಿರಾಕಿಗಳಿದ್ದರು, ಮುಖ್ಯವಾಗಿ ಮುಂಬಯಿಯ ಕಪ್ಪು–ಹಳದಿ ಟ್ಯಾಕ್ಸಿಯವರು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಹಾಗಾಗಿ 2023ರ ಅಕ್ಟೋಬರಿಗೆ ಆ ಲೆಕ್ಕವೂ ಮುಗಿಯಿತು. ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಅರ್ಧ ದಿನ ಅಲೆದು ಅದೃಷ್ಟವಿದ್ದರೆ ಒಂದು ನಾಬ್ ಸಿಕ್ಕೀತು. ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬೇಕು.

ಮನೆಯಲ್ಲಿ ಎಲ್ಲವನ್ನೂ ಮಾಡಲಾಗದು. ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ಪಟ್ಟಿ ನೆಗ್ಗಿದ್ದರೆ ಹೊಸದು ಮಾಡುವುದಕ್ಕಿಂತ ಒಳಬದಿಯಿಂದ ಮೆತ್ತಗೆ ತಟ್ಟಿ, ವಾಟರ್ ಪೇಪರ್ ಉಜ್ಜಿ, ಬಫಿಂಗ್ ಮಾಡಿಸುವುದೇ ಲೇಸು. ರಬ್ಬರ್ ಬೀಡಿಂಗ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದರ ಅಡ್ಡಸೀಳು ಹೊಂದಿದರೆ ಸಾಕು. ಹಿಂದಿನ ದೀಪದ ಕೆಂಪು ಗಾಜು, ಸ್ಟೀರಿಂಗ್, ಬ್ರೇಕಿಗೆ ಸೇರಿದ ಯಾವುದೇ ತುಣುಕು ಇವುಗಳ ತಂಟೆಗಂತೂ ಹೋಗಬಾರದು. ಉಳಿಯುವುದು ನಾಬ್‌ಗಳು, ಸ್ವಿಚ್ಚಿನ ಮುಚ್ಚಳಗಳು, ಸಣ್ಣ ಬಿರಡೆಗಳು, ಮತ್ತು ಗ್ಯಾರೇಜಿನವರು ‘ಮೋನೊಗ್ರಾಂ’ ಎನ್ನುವ ಹೆಸರಿನ ಬಿಲ್ಲೆಗಳು. ಇವನ್ನು ಊಟದ ಮೇಜಿನ ಮೇಲೆ ಮಾಡಬಹುದು, ಮನೆಯವರು ಒಪ್ಪಿದರೆ.

ಉಳಿದಿರುವ ಒಂದು ನಾಬನ್ನು ಮಾದರಿಯಾಗಿಟ್ಟು ಅಚ್ಚು ತೆಗೆದು, ಅದರಲ್ಲಿ ನಕಲು ಎರೆಯುವುದು ದಾರಿ. ಈ ಕೆಲಸದ ತಿರುಳು ಅಚ್ಚಿನಲ್ಲಿದೆ ಎಂದು ಎಲ್ಲರೂ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅಚ್ಚಿಗೆ ಬಳಸುವ ಸಿಲಿಕೋನ್ ರಬ್ಬರ್ ತನಗೆ ತಾಗಿದ್ದನ್ನೆಲ್ಲ ಹಾಗೇ ಎತ್ತಿಕೊಳ್ಳುತ್ತದೆ: ಗೆರೆ, ತೂತು, ಹೊಳಪು, ಕೊನೆಗೆ ನಾಬ್ ಮೇಲೆ ನೀವು ಬಿಟ್ಟ ಬೆರಳಚ್ಚು ಸಹ. ನಿಮಗೆ ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಮುಕ್ಕಾಲು ಪಾಲು ದುಡಿಮೆ ಅಚ್ಚಿಗೆ ಮೊದಲೇ, ಮಾದರಿಯ ಮೇಲೆ ನಡೆಯಬೇಕು. ಒಡೆದ ಮೂಲೆಯನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಿ, 400, 800, 1500 ನಂಬರಿನ ವಾಟರ್ ಪೇಪರ್ ಒಂದಾದ ಮೇಲೊಂದು ಉಜ್ಜಿ, ಪ್ರೈಮರ್ ಹೊಡೆದು, ಓರೆಬೆಳಕಿನಲ್ಲಿ ಹಿಡಿದು ನೋಡಬೇಕು. ಮಾದರಿಯಲ್ಲಿ ಹತ್ತು ನಿಮಿಷ ಉಳಿಸಿದರೆ ಪ್ರತಿ ನಕಲಿನಲ್ಲೂ ಆ ಹತ್ತು ನಿಮಿಷ ಉಜ್ಜಬೇಕಾಗುತ್ತದೆ.

ಸಿಲಿಕೋನಿನಲ್ಲಿ ಎರಡು ಜಾತಿ. ತವರದ ಸಂಯುಕ್ತದಿಂದ ಗಟ್ಟಿಯಾಗುವುದು ಅಗ್ಗ, ಮುಂಗೋಪಿಯಲ್ಲ. ಆದರೆ ಗಟ್ಟಿಯಾಗುವಾಗ ಒಂದಿಷ್ಟು ಆಲ್ಕೋಹಾಲ್ ಬಿಟ್ಟುಕೊಟ್ಟು ಸ್ವಲ್ಪ ಕುಗ್ಗುತ್ತದೆ. ಪ್ಲಾಟಿನಂನಿಂದ ಗಟ್ಟಿಯಾಗುವುದು ದುಬಾರಿ, ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಮಡಿವಂತಿಕೆ ವಿಪರೀತ. ಗಂಧಕ ಸೋಕಿದರೆ ಸಾಕು, ಸೋಕಿದ ಕಡೆ ಅದು ಗಟ್ಟಿಯಾಗುವುದೇ ಇಲ್ಲ. ನನ್ನ ಮೊದಲ ಅಚ್ಚಿನ ಪಾಡು ಇದೇ. ಮಕ್ಕಳ ಪೆಟ್ಟಿಗೆಯಿಂದ ತೆಗೆದ ಬಣ್ಣದ ಜೇಡಿಯಲ್ಲಿ ನಾಬನ್ನು ಅರ್ಧ ಹುಗಿದು ಸಿಲಿಕೋನ್ ಸುರಿದು ಮರುದಿನ ಬಿಚ್ಚಿದರೆ, ಜೇಡಿಗೆ ತಾಗಿದ ಭಾಗವೆಲ್ಲ ಹಲಸಿನ ಮೇಣದಂತೆ ಅಂಟಂಟು. ಆ ಜೇಡಿಯಲ್ಲಿ ಗಂಧಕವಿತ್ತು. ಲೇಟೆಕ್ಸ್ ಕೈಗವಸಿನಲ್ಲೂ ಇರುತ್ತದೆ. ರಬ್ಬರನ್ನು ಗಟ್ಟಿಗೊಳಿಸುವುದೇ ಗಂಧಕದಿಂದಾದ್ದರಿಂದ ಹಳೆಯ ರಬ್ಬರ್ ಬಿರಡೆಯನ್ನು ನೇರವಾಗಿ ಮಾದರಿಯಾಗಿಡಲೂ ಬಾರದು. ಅಕ್ರಿಲಿಕ್ ಲ್ಯಾಕರ್ ಎರಡು ಕೋಟು ಹೊಡೆದು ನೋಡಬೇಕು, ಪೂರ್ತಿ ಸುರಿಯುವ ಮೊದಲು ಒಂದು ಮೂಲೆಯಲ್ಲಿ ಸಿಲಿಕೋನ್ ಹನಿ ಹಾಕಿ ಪರೀಕ್ಷಿಸಬೇಕು.

ಅಚ್ಚು ಎರಡು ಹೋಳಿನದು. ಗಂಧಕವಿಲ್ಲದ ಜೇಡಿಯಲ್ಲಿ ಮಾದರಿಯನ್ನು ಸರಿಯಾಗಿ ಅರ್ಧಕ್ಕೆ ಹುಗಿಯಬೇಕು. ಹೋಳುಗಳು ಕೂಡುವ ಗೆರೆ ನಕಲಿನ ಮೇಲೆ ಎದ್ದು ಕಾಣುವುದರಿಂದ ಅದು ಮೂಲ ನಾಬಿನಲ್ಲೇ ಇರುವ ಅಂಚಿನ ಮೇಲೆ ಬೀಳುವಂತೆ ಕೂರಿಸುವುದು ಜಾಣತನ. ಸುತ್ತಲೂ ಜೇಡಿಯಲ್ಲಿ ಬೆರಳಿನಿಂದ ನಾಲ್ಕು ಗುಳಿ ಒತ್ತಿದರೆ ಅವು ಮೊದಲ ಹೋಳಿನಲ್ಲಿ ಉಬ್ಬುಗಳಾಗುತ್ತವೆ, ಎರಡನೆಯ ಹೋಳು ಅಲ್ಲಾಡದೆ ಅವುಗಳ ಮೇಲೆ ಕೂರುತ್ತದೆ. ಸುತ್ತ ರಟ್ಟಿನ ಗೋಡೆ ಕಟ್ಟಿ, ಮಾದರಿಗೆ ಮೊದಲು ತೆಳುವಾಗಿ ಕುಂಚದಿಂದ ಸಿಲಿಕೋನ್ ಬಳಿದು, ಉಳಿದದ್ದನ್ನು ಒಂದೇ ಮೂಲೆಗೆ ಎತ್ತರದಿಂದ ನೂಲಿನಂತೆ ಸುರಿಯಬೇಕು. ನೂಲು ಎಳೆಯುವಾಗ ಗಾಳಿಗುಳ್ಳೆ ಒಡೆಯುತ್ತದೆ. ಅದು ಗಟ್ಟಿಯಾದ ಮೇಲೆ ಜೇಡಿ ತೆಗೆದು, ಅಂಚಿಗೆ ವ್ಯಾಸಲಿನ್ ಸವರಿ ಎರಡನೆಯ ಹೋಳು. ವ್ಯಾಸಲಿನ್ ಮರೆತರೆ ಸಿಲಿಕೋನ್ ಸಿಲಿಕೋನಿಗೆ ಅಂಟಿ ಒಂದೇ ಗಡ್ಡೆಯಾಗುತ್ತದೆ, ನಾಬ್ ಅದರ ಹೊಟ್ಟೆಯೊಳಗೆ. ಸುರಿಯುವ ಬಾಯಿ ಮೇಲಿರಲಿ, ಗಾಳಿ ಹೊರಡಲು ಒಂದೆರಡು ಕಂಡಿ ಕೊರೆಯಿರಿ.

ಒಳಗೆ ಎರೆಯುವುದು ಪಾಲಿಯುರಿಥೇನ್ ರಾಳ. ಎರಡು ಡಬ್ಬಿಯ ದ್ರವವನ್ನು ತಕ್ಕಡಿಯಲ್ಲಿ ತೂಗಿ ಬೆರೆಸಿದರೆ ಕೆಲವೇ ನಿಮಿಷದಲ್ಲಿ ಬಿಸಿಯಾಗಿ ಗಟ್ಟಿಯಾಗುತ್ತದೆ. ಒಂದು ಡಬ್ಬಿಯಲ್ಲಿರುವುದು ಐಸೊಸಯನೇಟ್. ನೀರಿನ ಪಸೆ ಸೋಕಿದರೆ ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ನಾಬ್ ಒಳಗೊಳಗೇ ಇಡ್ಲಿಯಂತೆ ಉಬ್ಬುತ್ತದೆ. ಮಂಗಳೂರಿನ ಜುಲೈ ತಿಂಗಳಲ್ಲಿ ಈ ಕೆಲಸಕ್ಕೆ ಕೂರುವವರ ಧೈರ್ಯಕ್ಕೆ ಮೆಚ್ಚಬೇಕು. ಐಸೊಸಯನೇಟಿನ ಆವಿ ಶ್ವಾಸಕೋಶವನ್ನು ಕೆರಳಿಸುತ್ತದೆ. ಒಮ್ಮೆ ಮೈಗೆ ಅಲರ್ಜಿ ಹತ್ತಿದರೆ ಮುಂದೆ ಅಷ್ಟಿಷ್ಟಕ್ಕೂ ಉಬ್ಬಸ ಬರಬಹುದು. ಧೂಳಿನ ಮಾಸ್ಕ್ ಇದಕ್ಕೆ ಸಾಲದು. ಗಾಳಿಯಾಡುವ ಜಾಗ, ಕೈಗವಸು, ಆವಿ ಹೀರುವ ಫಿಲ್ಟರಿನ ಮಾಸ್ಕ್ ಇಲ್ಲದಿದ್ದರೆ ಆರಂಭಿಸಬೇಡಿ.

ಬಣ್ಣವನ್ನು ಮೇಲೆ ಬಳಿಯದೆ ರಾಳದಲ್ಲೇ ಕಲಸಬೇಕು, ಗೀರಿದರೂ ಒಳಗೆ ಅದೇ ಬಣ್ಣ ಕಾಣುತ್ತದೆ. ಯಾವ ಬಣ್ಣ ಎಂಬುದು ಬೇರೆ ತಕರಾರು. ಐವತ್ತು ವರ್ಷ ಬಿಸಿಲು ಕುಡಿದ ದಂತಬಣ್ಣದ ನಾಬ್ ಹಳದಿಗೆ ತಿರುಗಿರುತ್ತದೆ. ಅದರ ಬುಡವನ್ನು, ಬೆಳಕು ಕಾಣದ ಜಾಗವನ್ನು ನೋಡಿದರೆ ಕಾರ್ಖಾನೆಯ ಬಣ್ಣ ತಿಳಿಯುತ್ತದೆ. ಪೂರ್ತಿ ಕಾರನ್ನು ಹೊಸದಾಗಿಸುವವರು ಬುಡದ ಬಣ್ಣ ಹಿಡಿಯಲಿ. ಒಂದೇ ನಾಬ್ ಬೇಕಾದವರು ಮುಪ್ಪಿನ ಬಣ್ಣವನ್ನೇ ಕಲಸುವುದು ವಾಸಿ.

ಇಷ್ಟೆಲ್ಲ ರಗಳೆ ಏಕೆ, 3ಡಿ ಮುದ್ರಕದಲ್ಲಿ ನಾಬ್ ಒತ್ತಿದರೆ ಆಗದೇ ಎಂದು ಹುಡುಗರು ಕೇಳುತ್ತಾರೆ. ಆಗುತ್ತದೆ, ಆದರೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ದಾಟುತ್ತದೆ. ಬಿಸಿಲು ತಾಳುವುದು ಎಎಸ್‌ಎ. ಮುದ್ರಕ ನಿಜಕ್ಕೂ ಗೆಲ್ಲುವುದು ಮಾದರಿ ಮಾಡುವುದರಲ್ಲಿ. ಎಡಬದಿಯ ತುಣುಕು ಮಾತ್ರ ಉಳಿದಿದ್ದರೆ ಅದರ ಅಳತೆಯನ್ನು ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿ ಬಲಬದಿಯದನ್ನು ಪಡೆಯಬಹುದು. ಸಿಲಿಕೋನ್ ಅಚ್ಚಿಗೆ ಈ ವಿದ್ಯೆ ಬಾರದು.

ಮೋನೊಗ್ರಾಂ ವಿಷಯಕ್ಕೆ ಬಂದರೆ ಲೆಕ್ಕ ಬಿಗಿಯಾಗುತ್ತದೆ. ಹಳೆಯ ಬಿಲ್ಲೆಗಳು ಬಹುಮಟ್ಟಿಗೆ ಸತುವಿನ ಮಿಶ್ರಲೋಹದವು, ಸುಮಾರು ನೂರಕ್ಕೆ ನಾಲ್ಕು ಪಾಲು ಅಲ್ಯೂಮಿನಿಯಂ ಬೆರೆತದ್ದು. ಕ್ರೋಮಿನ ಸೂಕ್ಷ್ಮ ಬಿರುಕಿನೊಳಗೆ ನೀರು ಇಳಿದು ಸತು ಬಿಳಿಪುಡಿಯಾಗಿ ಹೊಮ್ಮುತ್ತದೆ, ಮೇಲ್ಮೈ ಸಿಡುಬಿನ ಕಲೆಯಂತಾಗುತ್ತದೆ. ಅದನ್ನು ಸತುವಿನಲ್ಲೇ ಮತ್ತೆ ಎರೆಯುವ ಬದಲು ಹಿತ್ತಾಳೆಯಲ್ಲಿ ಎರೆಸುವುದು ನನ್ನ ಮಟ್ಟಿಗೆ ಉತ್ತಮ, ಏಕೆಂದರೆ ಹಿತ್ತಾಳೆಯ ಮೇಲೆ ಲೇಪ ಸಲೀಸಾಗಿ ಹಿಡಿಯುತ್ತದೆ. ಸಿಲಿಕೋನ್ ಅಚ್ಚಿನಲ್ಲಿ ರಾಳದ ಬದಲು ಮೇಣ ಎರೆದು, ಆ ಮೇಣದ ಬಿಲ್ಲೆಯನ್ನು ಉಂಗುರ ಎರೆಯುವವರಿಗೆ ಕೊಡಬಹುದು. ಬೆಂಗಳೂರಿನ ನಗರ್ತಪೇಟೆಯ ಅಕ್ಕಸಾಲಿಗರಿಗೆ ಇದು ಗೊತ್ತಿರುವ ಕಸುಬು. ನಾಗಮಂಗಲದ ಶಿಲ್ಪಿಗಳು ಪಂಚಲೋಹದ ಮೂರ್ತಿ ಎರೆಯುವುದೂ ಇದೇ ತತ್ತ್ವದಿಂದ. ಮೇಣದ ಮೇಲೆ ಹೊದಿಕೆ, ಹೊದಿಕೆಗೆ ಬೆಂಕಿ, ಕರಗಿ ಹೋದ ಮೇಣದ ಜಾಗಕ್ಕೆ ಲೋಹ.

ತೊಡಕಿರುವುದು ಕುಗ್ಗುವಿಕೆಯಲ್ಲಿ. ಹಿತ್ತಾಳೆ ಆರುವಾಗ ನೂರಕ್ಕೆ ಒಂದೂವರೆ ಪಾಲು ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಬಿಲ್ಲೆಯ ಹಿಂದಿನ ಎರಡು ಮೊಳೆಗಳ ನಡುವೆ 120 ಮಿಲಿಮೀಟರ್ ಅಂತರವಿದ್ದರೆ ನಕಲಿನಲ್ಲಿ ಅದು ಸುಮಾರು 118 ಆಗುತ್ತದೆ, ಕಾರಿನ ತೂತಿಗೆ ಕೂರುವುದಿಲ್ಲ. ಎರಕದ ಕಾರ್ಖಾನೆಗಳ ಮಾದರಿ ಬಡಗಿಗಳು ಇದಕ್ಕೆಂದೇ ಮಿಲಿಮೀಟರನ್ನೇ ತುಸು ಹಿಗ್ಗಿಸಿ ಗೆರೆ ಹಾಕಿದ ಅಳತೆಪಟ್ಟಿ ಇಟ್ಟುಕೊಳ್ಳುತ್ತಿದ್ದರು. ಮುದ್ರಿಸಿದ ಮಾದರಿಯಾದರೆ ಕಂಪ್ಯೂಟರಿನಲ್ಲಿ ಅಷ್ಟು ಹಿಗ್ಗಿಸಿದರಾಯಿತು. ಮೂಲ ಬಿಲ್ಲೆಯಿಂದಲೇ ಅಚ್ಚು ತೆಗೆದವರು ಮೊಳೆಯಿಲ್ಲದೆ ಎರೆಸಿ, ಆಮೇಲೆ ತೂತಿನ ಅಳತೆಗೆ ಮೊಳೆ ಬೆಸುಗೆ ಹಾಕಿಸಬೇಕು.

ಕ್ರೋಮ್ ಲೇಪವನ್ನು ಮಾತ್ರ ಮನೆಯಲ್ಲಿ ಮಾಡಲೇಬೇಡಿ. ತಾಮ್ರ, ನಿಕ್ಕಲ್, ಕ್ರೋಮ್ ಹೀಗೆ ಪದರ ಪದರವಾಗಿ ಕೂರಿಸುವ ಕೆಲಸವದು. ಆಮ್ಲೀಯ ತೊಟ್ಟಿ ಸತುವನ್ನೇ ತಿನ್ನುವುದರಿಂದ ಸತುವಿನ ಮೇಲೆ ಮೊದಲ ತಾಮ್ರವನ್ನು ಸಾಂಪ್ರದಾಯಿಕವಾಗಿ ಸಯನೈಡ್ ದ್ರಾವಣದಲ್ಲಿ ಕೂರಿಸುತ್ತಾರೆ. ಕ್ರೋಮಿನ ಹಳೆಯ ತೊಟ್ಟಿಯಲ್ಲಿರುವುದು ಕ್ಯಾನ್ಸರ್ ತರುವ ಆರು ವೇಲೆನ್ಸಿಯ ಕ್ರೋಮಿಯಂ. ಸ್ಪ್ರೇ ಡಬ್ಬಿಯ ‘ಕ್ರೋಮ್’ ಬಣ್ಣ ಹೊಡೆದ ದಿನ ಮಿಂಚುತ್ತದೆ, ಕೈ ತಾಗಿ ತಾಗಿ ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೆ ಬರುತ್ತದೆ.

ಕಾನೂನಿನ ಒಂದೆರಡು ಮಾತು. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ. ಚಾಸಿಸ್, ಬಾಡಿ, ಎಂಜಿನ್ ಭಾರಿ ಬದಲಾಗಿರಬಾರದು ಎಂಬುದು ಷರತ್ತು. ನಾಬಿಗೆ ಅದು ಅಡ್ಡ ಬರುವುದಿಲ್ಲ. ಆದರೆ ಕಂಪನಿಯ ಲಾಂಛನವಿರುವ ಬಿಲ್ಲೆಗಳನ್ನು ಎರೆದು ಮಾರಲು ಹೊರಟರೆ ಟ್ರೇಡ್‌ಮಾರ್ಕಿನ ಪ್ರಶ್ನೆ ಏಳುತ್ತದೆ. ಸ್ವಂತಕ್ಕೆ ಮಾಡಿದ್ದರೂ ಹಿಂಬದಿಯಲ್ಲಿ ಇಸವಿಯೊಂದನ್ನು ಕೊರೆದಿಡಿ. ಅಚ್ಚಿನಲ್ಲೇ ಕೊರೆದರೆ ಪ್ರತಿ ನಕಲಿನಲ್ಲೂ ತಾನೇ ಬರುತ್ತದೆ, ನಾಳೆ ಯಾರೂ ಅದನ್ನು 1974ರದ್ದೆಂದು ಕೊಳ್ಳುವುದಿಲ್ಲ.

ನನ್ನ ನಾಬ್ ನಾಲ್ಕನೆಯ ಸಲಕ್ಕೆ ಸರಿಬಂತು. ಒಳಗೆ ಹಿತ್ತಾಳೆಯ ಬುಶ್ ಹುದುಗಿಸಿದ್ದೆ, ಸ್ಕ್ರೂವಿನ ಮರೆ ಚೆನ್ನಾಗಿ ಕಚ್ಚಿತು. ಬಣ್ಣದಲ್ಲಿ ಮಾತ್ರ ಮೇಲಿನ ಬುದ್ಧಿವಾದವನ್ನು ನಾನೇ ಕೇಳಿರಲಿಲ್ಲ, ಬುಡದ ದಂತಬಣ್ಣವನ್ನೇ ಕಲಸಿದ್ದೆ. ಬಾಗಿಲಿಗೆ ಸಿಕ್ಕಿಸಿ ದೂರ ನಿಂತು ನೋಡಿದೆ. ಉಳಿದ ಮೂರು ಬಾಗಿಲಿನವು ಬೀಡಿ ಸೇದಿದ ಹಲ್ಲಿನಂತೆ ಕಂಡವು. ಅಚ್ಚು ಇನ್ನೂ ಮೇಜಿನ ಮೇಲೇ ಇತ್ತು. ಅರ್ಧ ಡಬ್ಬಿ ರಾಳವೂ ಉಳಿದಿತ್ತು.