ಬಾಯಿ ಬಿಡದ ಫೋನು

ಹತ್ತು ಸಾರಿ ಕೈ ತಪ್ಪಿದರೆ ತನ್ನೊಳಗಿನದೆಲ್ಲವನ್ನೂ ತಾನೇ ಅಳಿಸಿಕೊಳ್ಳುವ ಪೆಟ್ಟಿಗೆಯನ್ನು ತೆರೆಯುವ ಬಗೆ ಹೇಗೆ? ೨೦೧೬ರ ಮೊದಲ ತಿಂಗಳುಗಳಲ್ಲಿ ಅಮೆರಿಕದ ಎಫ್.ಬಿ.ಐ. ಅಧಿಕಾರಿಗಳ ಮುಂದೆ ನಿಂತಿದ್ದ ಪ್ರಶ್ನೆ ಇದು.

೨೦೧೫ರ ಡಿಸೆಂಬರ್ ೨ರಂದು ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ನಗರದಲ್ಲಿ ದಂಪತಿಗಳಿಬ್ಬರು ಗುಂಡು ಹಾರಿಸಿ ೧೪ ಮಂದಿಯನ್ನು ಕೊಂದರು; ಅಂದೇ ಪೊಲೀಸರ ಗುಂಡಿಗೆ ತಾವೂ ಬಲಿಯಾದರು. ಸ್ವಂತ ಫೋನುಗಳನ್ನು ಅವರು ಮೊದಲೇ ಪುಡಿಗುಟ್ಟಿದ್ದರು. ಉಳಿದದ್ದು ಗಂಡನಿಗೆ ಕಚೇರಿಯಿಂದ ಕೊಟ್ಟಿದ್ದ ಐಫೋನ್ ೫ಸಿ. ಈ ಘೋರಕೃತ್ಯದಲ್ಲಿ ಇನ್ನಾರ ಕೈವಾಡವಿತ್ತೆಂಬುದು ತಿಳಿಯಬೇಕಾಗಿತ್ತು. ಫೋನಿನ ಒಡೆತನವಿದ್ದ ಕೌಂಟಿ ಸರಕಾರದ ಒಪ್ಪಿಗೆಯಿತ್ತು, ನ್ಯಾಯಾಲಯದ ಅಪ್ಪಣೆಯಿತ್ತು, ಇಲ್ಲದಿದ್ದುದು ಗುಪ್ತಸಂಖ್ಯೆಯೊಂದೇ.

ಇಂತಹ ಫೋನಿನ ಸ್ಮೃತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸುವ ಕೀಲಿಯಲ್ಲಿ ಒಂದು ಪಾಲು ಬಳಸುವವನ ಗುಪ್ತಸಂಖ್ಯೆ, ಇನ್ನೊಂದು ಪಾಲು ಮುಖ್ಯ ಚಿಪ್ಪಿನಲ್ಲಿ ಅಚ್ಚೊತ್ತಿದ ಸಂಖ್ಯೆ. ಆದುದರಿಂದ ಸ್ಮೃತಿಯ ಚಿಪ್ಪನ್ನು ಕಿತ್ತು ಬೇರೆ ಯಂತ್ರದಲ್ಲಿ ಓದುವ ಹಳೆಯ ಉಪಾಯ ಇಲ್ಲಿ ನಡೆಯದು. ಊಹೆಯ ಪರೀಕ್ಷೆಯೆಲ್ಲ ಆ ಫೋನಿನಲ್ಲಿಯೇ ಆಗಬೇಕು; ಅಲ್ಲಿ ಹತ್ತರ ಎಣಿಕೆ ಕಾವಲು ನಿಂತಿದೆ!

೨೦೧೬ರ ಫೆಬ್ರವರಿ ೧೬ರಂದು ನ್ಯಾಯಾಲಯವು ೧೭೮೯ರ ಕಾನೂನೊಂದನ್ನು ಆಧರಿಸಿ, ಆ ಕಾವಲನ್ನು ಸರಿಸುವ ತಂತ್ರಾಂಶವನ್ನು ಮಾಡಿಕೊಡಬೇಕೆಂದು ಆಪಲ್ ಕಂಪನಿಗೆ ಆಜ್ಞಾಪಿಸಿತು. ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಒಪ್ಪಲಿಲ್ಲ. ಒಂದು ಬೀಗಕ್ಕೆಂದು ಮಾಡಿದ ಕಳ್ಳಕೀಲಿ ಮಿಕ್ಕ ಬೀಗಗಳನ್ನೂ ತೆರೆದೀತೆಂಬುದು ಅವರ ವಾದ; ಅದರಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ವಿಚಾರಣೆಯ ಹಿಂದಿನ ದಿನ ಸರಕಾರ ಕಾಲಾವಕಾಶ ಬೇಡಿತು. ಮಾರ್ಚ್ ೨೮ರಂದು, ಹೊರಗಿನವರ ನೆರವಿನಿಂದ ಫೋನು ತೆರೆಯಿತೆಂದು ತಿಳಿಸಿತು. ಆ ಹೊರಗಿನವರು ಆಸ್ಟ್ರೇಲಿಯದ ಅಜಿಮತ್ ಸೆಕ್ಯುರಿಟಿ ಎಂಬ ಸಂಸ್ಥೆಯವರೆಂದು ೨೦೨೧ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಬರೆಯಿತು. ಒಳಗೆ ಸಿಕ್ಕಿದ್ದೇನು? ಮಹತ್ತ್ವದ್ದೇನೂ ಅದುವರೆಗೆ ದೊರೆತಿರಲಿಲ್ಲವೆಂದು ಸಿ.ಬಿ.ಎಸ್. ವಾರ್ತಾಸಂಸ್ಥೆ ಆ ಏಪ್ರಿಲಿನಲ್ಲಿ ವರದಿ ಮಾಡಿತು.

ಇದಕ್ಕಿಂತ ಸ್ವಾರಸ್ಯವಾದ ಪ್ರಸಂಗ ಇಂಗ್ಲೆಂಡಿನದು. ಸ್ಮೃತಿಯ ಚಿಪ್ಪಿನ ನಕಲೊಂದನ್ನು ತೆಗೆದಿಟ್ಟುಕೊಂಡು, ತಪ್ಪುಗಳ ಲೆಕ್ಕ ಏರಿದಾಗಲೆಲ್ಲ ಹಳೆಯ ಪ್ರತಿಯನ್ನೇ ಮತ್ತೆ ತುಂಬಿದರೆ? ಚಿತ್ರಗುಪ್ತನ ಕಡತವನ್ನೇ ಹಿಂದಕ್ಕೆ ತಿರುವಿಹಾಕಿದಂತೆ! ಅದು ನಡೆಯದೆಂದು ಎಫ್.ಬಿ.ಐ. ಮುಖ್ಯಸ್ಥ ಜೇಮ್ಸ್ ಕೋಮಿ ಮಾರ್ಚಿನಲ್ಲಿ ಹೇಳಿದ್ದರು. ಸೆಪ್ಟೆಂಬರಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸೆರ್ಗೆ ಸ್ಕೊರೊಬೊಗಾಟೊವ್ ಅದನ್ನೇ ನಡೆಸಿ ತೋರಿಸಿದರು. ಐಫೋನ್ ೫ಸಿಯ ಚಿಪ್ಪನ್ನು ಬಿಡಿಸಿ, ತಂತಿಗಳಿಂದ ಮತ್ತೆ ಜೋಡಿಸಿ, ಆರು ಸಂಖ್ಯೆಗಳನ್ನು ಪರೀಕ್ಷಿಸುವುದು, ಹಳೆಯ ಪ್ರತಿ ತುಂಬುವುದು, ಮತ್ತೆ ಆರು. ನಾಲ್ಕಂಕಿಯ ಹತ್ತು ಸಾವಿರ ಸಂಖ್ಯೆಗಳಿಗೂ ಸುಮಾರು ೪೦ ಗಂಟೆ ಸಾಕು. ಸಲಕರಣೆಗಳ ವೆಚ್ಚ ನೂರು ಡಾಲರಿಗೂ ಕಡಿಮೆ.

ಈಚಿನ ಐಫೋನುಗಳಲ್ಲಿ ತಪ್ಪುಗಳ ಲೆಕ್ಕವನ್ನು ಪ್ರತ್ಯೇಕವಾದ ಭದ್ರ ಚಿಪ್ಪೊಂದು ಇಟ್ಟುಕೊಳ್ಳುತ್ತದೆ. ಅದರ ಮುಂದೆ ಈ ಉಪಾಯ ಸಾಗದು.